ಎರಡು ಮಾತಿಗೆ ಎರಡು ಜಾಗ

ಕಂಪ್ಯೂಟರ್ ಸೈನ್ಸ್ ಪಾಠದಲ್ಲಿ ಸ್ಟ್ಯಾಕ್ ಓದುತ್ತೇವಲ್ಲ, ಚಾರ್ಲ್ಸ್ ಮೂರ್ ರೂಪಿಸಿದ ಫೋರ್ತ್ ಭಾಷೆ ನಡೆಯುವುದೇ ಅದರಿಂದ. ಆದರೆ ಅಲ್ಲಿ ಟೈಪ್ ಮಾಡಿದ ಸ್ಟ್ರಿಂಗ್ ತಾತ್ಕಾಲಿಕ ಬಫರ್‌ನಲ್ಲಿರುತ್ತದೆ. ಸ್ಟ್ಯಾಕ್ ಮೇಲೆ ಅದರ ವಿಳಾಸ, ಉದ್ದ ಮಾತ್ರ. 1994ರ ಮಾನದಂಡದ ಪ್ರಕಾರ ಇಂಥ ಒಂದು ಬಫರ್ ಇದ್ದರೆ ಸಾಕಿತ್ತು. ಫೈಲಿನ ಹೆಸರು ಬದಲಿಸಲು ಹಳೆಯ ಹೆಸರು, ಹೊಸ ಹೆಸರು ಎರಡೂ ಬೇಕು. ಎರಡನೆಯದು ಬಂದು ಮೊದಲನೆಯದನ್ನು ಅಳಿಸಿಬಿಡಬಹುದಿತ್ತು. ಫೋರ್ತ್ 2012 ಕನಿಷ್ಠ ಎರಡು ಬಫರ್ ಕಡ್ಡಾಯ ಮಾಡಿತು.

ನಮ್ಮ ಮನೆಮಾತು ಉರ್ದು. ಬ್ಯಾಂಕಿನಲ್ಲಿ ಅಮ್ಮಿಯ ಮಾತನ್ನು ಕನ್ನಡದಲ್ಲಿ ಹೇಳುವವಳು ನಾನು. ಕೌಂಟರಿನವರು ಅವಸರದಲ್ಲಿ ಮಾತು ಶುರುಮಾಡಿದರೆ ಅಮ್ಮಿಯ ಪ್ರಶ್ನೆ ಅಲ್ಲೇ ಅಳಿಸಿಹೋಗುತ್ತದೆ. ಅದಕ್ಕೇ ಈಗ ಅದನ್ನು ಮೊದಲೇ ಚಲನ್ ಹಿಂದೆ ಬರೆದಿಟ್ಟುಕೊಳ್ಳುತ್ತೇನೆ. ಅಮ್ಮಿಯ ಮಾತಿಗೂ ಒಂದು ಜಾಗ ಇರಬೇಕು.