ಹೂ ನೋಡುವ ನಡಿಗೆಯೂ ಅನರ್ಥದಂಡವೇ?

ಮಾಘ ಕಳೆದು ಫಾಲ್ಗುಣ ಬಂದೊಡನೆ ಜಯನಗರ, ಬನಶಂಕರಿ ಕಡೆಯ ನಮ್ಮ ಕೆಲವು ಕುಟುಂಬಗಳು ಭಾನುವಾರ ಬೆಳಿಗ್ಗೆ ಮಾಗಡಿ ಸೀಮೆಯ ಗುಡ್ಡಗಾಡಿಗೆ ಹೊರಡುವುದುಂಟು. ಮೊಮ್ಮಕ್ಕಳೊಡನೆ ನಾನೂ ಹೋಗುತ್ತೇನೆ. 1226 ಮೀಟರ್ ಎತ್ತರದ ಸಾವನದುರ್ಗದ ಬಂಡೆ ಆಗಲೇ ಕಾಯತೊಡಗಿರುತ್ತದೆ, ಹುಲ್ಲು ಒಣಗಿರುತ್ತದೆ. ಎಲೆ ಕಳಚಿದ ಮುತ್ತುಗ ಮಾತ್ರ ಮೈತುಂಬ ಹೂಬಿಟ್ಟಿರುತ್ತದೆ.

ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯೂ ಒಂದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದನ್ನು ವಿವರಿಸುವಾಗ, ನಿಷ್ಕಾರಣವಾಗಿ ಗಿಡ ಕಡಿಯುವುದರೊಂದಿಗೆ ವ್ಯರ್ಥ ತಿರುಗಾಟವನ್ನೂ ಸೇರಿಸಿದ್ದಾರೆ. ಹಾಗಾದರೆ ಹೂ ನೋಡಲೆಂದು ಗುಡ್ಡ ಸುತ್ತುವುದು ಶ್ರಾವಕನಿಗೆ ಸಲ್ಲುವುದೇ?

ನನಗೆ ತೋರುವ ಉತ್ತರ ಮುತ್ತುಗದ ಬಳಿಯೇ ಇದೆ. ಅದರ ಹೂ ಕಾಯಾದರೆ ಒಳಗಿರುವುದು ಸಾಮಾನ್ಯವಾಗಿ ಒಂದೇ ಬೀಜ. ಮಕರಂದಕ್ಕೆ ಬರುವ ಹಕ್ಕಿಗಳೇ ಪರಾಗವನ್ನು ಮರದಿಂದ ಮರಕ್ಕೆ ಒಯ್ಯುತ್ತವೆ. ಗೊಂಚಲು ಮುರಿದವನು ಹಕ್ಕಿಯ ಆಹಾರವನ್ನೂ ನಾಳಿನ ಮರವನ್ನೂ ಒಟ್ಟಿಗೇ ಕಸಿಯುತ್ತಾನೆ. ಇದನ್ನು ಕಣ್ಣಾರೆ ಕಂಡು ತಿಳಿದ ಮಗು ಬಡಾವಣೆಯ ಉದ್ಯಾನದಲ್ಲೂ ಕೈಚಾಚುವ ಮುನ್ನ ಯೋಚಿಸುತ್ತದೆ. ನಡಿಗೆಗೆ ಪ್ರಯೋಜನವೆಂಬುದಿದ್ದರೆ ಆ ಎಚ್ಚರವೇ. ಅದಿಲ್ಲದಿದ್ದರೆ ಆಚಾರ್ಯರ ಮಾತು ನಮಗೂ ಅನ್ವಯಿಸುತ್ತದೆ.

ಮುನಿಗಳು ಈರ್ಯಾಸಮಿತಿಯಲ್ಲಿ ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ನಡೆಯುತ್ತಾರೆ. ಗೃಹಸ್ಥರಾದ ನಾವು ಕಾಲುದಾರಿಯನ್ನಾದರೂ ಬಿಡದಿರೋಣ. ಉದುರಿದ ಹೂವಿನೊಳಗೂ ಇರುವೆಗಳಿರುತ್ತವೆ. ಒಣಹುಲ್ಲಿನ ಈ ದಿನಗಳಲ್ಲಿ ಬೆಂಕಿ ಹೊತ್ತಿಸುವುದಂತೂ ಬೇಡವೇ ಬೇಡ.