ಬೀಟೆಯ ಮೇಲಣ ಮುಗಿಲು

ಕೆಸರೆಯ ಮನೆಯೊಂದರಲ್ಲಿ ಬೀಟೆಮರದ ಕುಸುರಿಗಾರನು ಹಲಗೆಯ ಮೇಲೆ ಬಾಗಿ ಕುಳಿತಿರುವನು. ಚಿತ್ರವನ್ನು ಕೊಡುವವರು ಬೇರೆ, ಮಾರುವವರು ಬೇರೆ. ಕೂಲಿಯೋ ಎಣಿಕೆಯ ಮೇಲೆ. ಆತನದೆಂದು ಉಳಿಯುವುದೇನು?

ಗೆರೆಯನ್ನನುಸರಿಸಿ ಕುಳಿ ತೋಡಿ, ಅದಕ್ಕೊಪ್ಪುವಂತೆ ಬೇರೆ ಮರಗಳ ಚೂರುಗಳನ್ನು ಸಣ್ಣ ಗರಗಸದಿಂದ ಕೊಯ್ದು ಕೂಡಿಸುವುದು ಈ ಕಸುಬು. ಒಳ್ಳೆಯ ಕೆಲಸದಲ್ಲಿ ಬಣ್ಣವನ್ನು ಮರವೇ ಕೊಡಬೇಕು. ಹಳದಿಗೆ ಹಲಸೆಂಬುದನ್ನು ಎಲ್ಲರೂ ಬಲ್ಲರು. ಸಂಜೆಯ ಮುಗಿಲಿಗೆ ಯಾವ ಚೂರಿನ ಎಳೆಯನ್ನು ಯಾವ ದಿಕ್ಕಿಗೆ ತಿರುಗಿಸಬೇಕೆಂಬುದನ್ನು ಮಾತ್ರ ಯಾರೂ ಬರೆದುಕೊಡರು. ಅದಕ್ಕಾಗಿ ಆತನು ರಾಶಿಯನ್ನು ಬಹಳ ಹೊತ್ತು ಕೆದಕುವನು. ಆ ಹೊತ್ತಿಗೆ ಕೂಲಿಯಿಲ್ಲ.

1912ರಲ್ಲಿ ಮುಗಿದ ಅರಮನೆಯಲ್ಲಿ, ಅಂಬಾವಿಲಾಸದ ಬೀಟೆಯ ಬಾಗಿಲಿಗೆ ದಂತವನ್ನು ಕೂಡಿಸಿದವರ ಹೆಸರನ್ನು ನೋಡಬಂದವರು ಕೇಳುವರೆ? ಇಂದು ದಂತವು ನಿಷಿದ್ಧ. ಎಳೆಯು ಒಪ್ಪದಿದ್ದರೆ ಆತನು ಅಂಟಿಸಿದುದನ್ನೂ ಕಿತ್ತು, ಮತ್ತೆ ರಾಶಿಗೆ ಕೈಹಾಕುವನು.