ಶಹಜಾದಾ, ಅವನ ನೆರಳು ಮತ್ತು ಜಾಫರ್ ಎಂಬ ಹೆಸರು

ಮಕ್ಕಳು ಕಂಪ್ಯೂಟರ್ ಆಟಗಳಲ್ಲಿ ಹೊತ್ತು ಕಳೆಯುವುದರ ಕುರಿತು ನಮ್ಮಲ್ಲಿ ಪ್ರಕಟವಾಗುವ ಲೇಖನಗಳು ಸಾಮಾನ್ಯವಾಗಿ ಎಚ್ಚರಿಕೆಯಿಂದ ಆರಂಭವಾಗಿ ಎಚ್ಚರಿಕೆಯಲ್ಲೇ ಮುಗಿಯುತ್ತವೆ. ಆ ಎಚ್ಚರಿಕೆಗಳಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಇಂದು ಬರೆಯಹೊರಟಿರುವ ಸಂಗತಿ ಬೇರೆ. 'ಪ್ರಿನ್ಸ್ ಆಫ್ ಪರ್ಷಿಯಾ' ಎಂಬ ಹಳೆಯ ಆಟವೊಂದಿದೆ. ಅದಕ್ಕೆ ಎರಡನೆಯ ಭಾಗವೂ ಇದೆ. ಇವೆರಡರಲ್ಲಿ ಯಾವುದು ಮೇಲು ಎಂಬ ವಾದವು ಹುಮನಾಬಾದ್ ಮತ್ತು ಬಸವಕಲ್ಯಾಣಗಳ ನಮ್ಮ ಓರಗೆಯವರ ನಡುವೆ ಇಪ್ಪತ್ತೈದು ವರ್ಷಗಳಿಂದ ನಡೆಯುತ್ತಲೇ ಇದೆ. ಮದುವೆಯ ದಸ್ತರ್‌ಖಾನಿನ ಮುಂದೆ, ಈದ್‌ಗಾಹಿನಿಂದ ಮರಳುವ ದಾರಿಯಲ್ಲಿ, ಒಮ್ಮೆಯಂತೂ ದಫನ ಮುಗಿಸಿ ಖಬರಸ್ತಾನದ ಗೇಟಿನ ಹೊರಗೆ ನಿಂತಾಗಲೂ ಈ ಮಾತು ಬಂದಿದೆ. ನಲವತ್ತು ದಾಟಿದ, ಗಡ್ಡದಲ್ಲಿ ಬಿಳಿಯೆಳೆ ಕಾಣಿಸಿಕೊಂಡ ಜನರು ಹೀಗೆ ವಾದಿಸುವುದನ್ನು ಕಂಡು ಮನೆಯವರು ನಗುತ್ತಾರೆ. ನಗಲಿ.

ವಾದದ ಮೂಲ ಅಭಿರುಚಿಯ ಭೇದವಲ್ಲ, ಯಂತ್ರದ ಭೇದ. 1999ರ ಹೊತ್ತಿಗೆ ನಾವು ಮದ್ರಸದ ಓದು ಮುಗಿಸಿ ಹುಮನಾಬಾದಿನಲ್ಲಿ ಬಿ.ಎ. ಓದುತ್ತಿದ್ದೆವು. ಮುಂದೆ ಉಪಯೋಗಕ್ಕೆ ಬಂದೀತೆಂದು ಹಿರಿಯರು ನಮ್ಮನ್ನು ಕಂಪ್ಯೂಟರ್ ಕಲಿಯಲು ಕಳುಹಿಸಿದರು. ನಾವು ಹೋಗುತ್ತಿದ್ದ ಕೇಂದ್ರದಲ್ಲಿದ್ದವು ಕಪ್ಪು ಬಿಳುಪು ತೆರೆಯ ಹಳೆಯ ಯಂತ್ರಗಳು. ಮೊದಲನೆಯ ಆಟ ಒಂದೇ ಫ್ಲಾಪಿಯಲ್ಲಿ ಅಡಕವಾಗುತ್ತಿತ್ತು ಮತ್ತು ಅಂಥ ಬಡ ಯಂತ್ರದಲ್ಲಿಯೂ ಓಡುತ್ತಿತ್ತು. ಎರಡನೆಯದು ಹಲವು ಫ್ಲಾಪಿಗಳ ಸರಕು. ಅದಕ್ಕೆ ವಿಜಿಎ ಬಣ್ಣದ ತೆರೆಯೇ ಬೇಕು. ಅಂಥ ಯಂತ್ರ ಬಸವಕಲ್ಯಾಣದ ಒಂದು ಕೇಂದ್ರದಲ್ಲಿತ್ತು. ಶುಕ್ರವಾರ ಜುಮಾ ಮುಗಿಸಿ, ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗುವ ಬಸ್ಸು ಹಿಡಿದು ಅಲ್ಲಿಗೆ ಹೋದರೆ ಎರಡನೆಯ ಆಟದ ದರ್ಶನ. ಹೀಗೆ ಹುಮನಾಬಾದಿನವರು ಮೊದಲನೆಯದರ ಪಕ್ಷವಾದರು, ಕಲ್ಯಾಣದವರು ಎರಡನೆಯದರ ಪಕ್ಷವಾದರು. ಬಾಲ್ಯದಲ್ಲಿ ನೀರು ಕುಡಿದ ಬಾವಿಯೇ ಸಿಹಿ.

ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ಅಮೆರಿಕದ ಜೋರ್ಡನ್ ಮೆಕ್ನರ್ ಎಂಬ ಯುವಕ ಇದನ್ನು ರಚಿಸಿದ್ದು 1989ರಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲು ತನ್ನ ತಮ್ಮನನ್ನು ಓಡಿಸಿ, ನೆಗೆಸಿ, ಗೋಡೆಗೆ ಜೋತಾಡಿಸಿ ವೀಡಿಯೊ ಚಿತ್ರೀಕರಿಸಿಕೊಂಡು, ಆ ಚಲನೆಗಳನ್ನು ಒಂದೊಂದಾಗಿ ತೆರೆಯ ಮೇಲೆ ಬರೆದ. ನಮ್ಮ ರಾಜಕುಮಾರ ಓಡುತ್ತ ಓಡುತ್ತ ಥಟ್ಟನೆ ನಿಲ್ಲಲಾರದೆ ಒಂದು ಹೆಜ್ಜೆ ಜಾರುವುದು ನಿಜವಾದ ಹುಡುಗನೊಬ್ಬನ ಕಾಲು ಜಾರಿದ್ದರಿಂದಲೇ. ಸಂಗೀತ ಅವನ ತಂದೆಯದು. ಕಥೆ ಸರಳ: ಸುಲ್ತಾನ ಯುದ್ಧಕ್ಕೆ ಹೋಗಿದ್ದಾನೆ. ವಜೀರನು ಅಧಿಕಾರ ಕಬಳಿಸಿ ರಾಜಕುಮಾರಿಗೆ ಒಂದು ಗಂಟೆಯ ಗಡುವು ಕೊಡುತ್ತಾನೆ, ತನ್ನನ್ನು ಮದುವೆಯಾಗಬೇಕು, ಇಲ್ಲವೆ ಸಾಯಬೇಕು. ನೆಲಮಾಳಿಗೆಯ ಸೆರೆಯಲ್ಲಿರುವ ಯುವಕ ಆ ಗಂಟೆಯೊಳಗೆ ಮೇಲೇರಿ ಬರಬೇಕು.

ಅರವತ್ತು ನಿಮಿಷ. ಹುಮನಾಬಾದ್ ಪಕ್ಷದ ಮೊದಲ ವಾದವೇ ಇದು. ಅಸರ್ ನಮಾಝ್ ಮುಗಿಸಿ ಕೇಂದ್ರಕ್ಕೆ ಓಡಿದರೆ ಮಗ್ರಿಬ್ ಅಝಾನಿನೊಳಗೆ ಏಳಬೇಕಾಗಿತ್ತು. ಆ ನಡುವಿನ ಅವಧಿಗೆ ಹೊಲಿದು ಕೊಟ್ಟಂತಿತ್ತು ಆ ಆಟ. ಎಷ್ಟು ಸಲ ಬಿದ್ದರೂ, ಮುಳ್ಳಿಗೆ ಸಿಕ್ಕಿ ಸತ್ತರೂ, ಹಂತದ ಆರಂಭದಿಂದ ಮತ್ತೆ ಆಡಬಹುದು, ಗಡಿಯಾರ ಮಾತ್ರ ಹಿಂದಕ್ಕೆ ಹೋಗುವುದಿಲ್ಲ. ಸಾವಿಗೆ ಅಲ್ಲಿ ದಂಡವಿಲ್ಲ, ಕಳೆದ ಕಾಲಕ್ಕೆ ದಂಡ. ಇದನ್ನು ನಮಗೆ ಯಾರೂ ಬೋಧಿಸಬೇಕಾಗಿರಲಿಲ್ಲ, ಬೆರಳುಗಳಿಗೇ ತಿಳಿಯುತ್ತಿತ್ತು. ವಿದ್ಯುತ್ ಇಲಾಖೆ ತನ್ನದೇ ಗಡುವು ವಿಧಿಸುತ್ತಿದ್ದ ದಿನಗಳ ಕಥೆಯನ್ನು ಇಲ್ಲಿ ಬಿಡೋಣ.

ಎರಡನೆಯ ವಾದ ನೆರಳಿನದು. ನಾಲ್ಕನೆಯ ಹಂತದಲ್ಲಿ ಒಂದು ಕನ್ನಡಿ ದಾರಿಗೆ ಅಡ್ಡವಾಗಿ ಬರುತ್ತದೆ. ರಾಜಕುಮಾರ ಅದನ್ನು ಹಾದು ನೆಗೆದಾಗ ಅವನ ಪ್ರತಿಬಿಂಬ ಹೊರಬಿದ್ದು ಇನ್ನೊಂದು ದಿಕ್ಕಿಗೆ ಓಡಿಹೋಗುತ್ತದೆ. ಮುಂದಿನ ಹಂತದಲ್ಲಿ ಇವನು ಕುಡಿಯಬೇಕಾದ ಔಷಧವನ್ನು ಅದು ಕುಡಿದುಬಿಡುತ್ತದೆ. ಆಮೇಲೆ ಇವನ ಮುಖಕ್ಕೇ ಬಾಗಿಲು ಮುಚ್ಚಿ ಪ್ರಪಾತಕ್ಕೆ ಕೆಡಹುತ್ತದೆ. ಹನ್ನೆರಡನೆಯ ಹಂತದಲ್ಲಿ ಖಡ್ಗ ಹಿಡಿದು ಎದುರು ನಿಲ್ಲುತ್ತದೆ. ಎಲ್ಲರೂ ಹೊಡೆಯುತ್ತಾರೆ. ಹೊಡೆದ ಪೆಟ್ಟು ತಮಗೇ ತಾಗುತ್ತದೆ, ಕೊಂದರೆ ತಾವೇ ಸಾಯುತ್ತಾರೆ. ದಾರಿ ಒಂದೇ: ಖಡ್ಗವನ್ನು ಒರೆಗೆ ಹಾಕಬೇಕು. ಆಗ ನೆರಳೂ ಒರೆಗೆ ಹಾಕುತ್ತದೆ. ಇಬ್ಬರೂ ಒಬ್ಬರ ಕಡೆಗೊಬ್ಬರು ನಡೆದು ಒಂದಾಗುತ್ತಾರೆ. ಅನಂತರ, ಏನೂ ಇಲ್ಲದ ಕಂದಕದ ಮೇಲೆ ಅವನು ಕಾಲಿಟ್ಟಲ್ಲೆಲ್ಲ ನೆಲ ಮೂಡುತ್ತದೆ. ನಫ್ಸಿನ ಕುರಿತು ಉಸ್ತಾದರ ಪಾಠಗಳನ್ನು ಕೇಳಿ ಬೆಳೆದ ಹುಡುಗರಾಗಿದ್ದ ನಮಗೆ ಆ ದಿನ ಕೇಂದ್ರದಲ್ಲಿ ಮಾತೇ ಹೊರಡಲಿಲ್ಲ. ನಫ್ಸನ್ನು ಕೊಲ್ಲುವುದಲ್ಲ, ಪಳಗಿಸಿ ಜತೆಗೆ ಕರೆದೊಯ್ಯುವುದು ಎಂಬ ಪಾಠವನ್ನು ಮೆಕ್ನರ್ ಎಲ್ಲಿಯೂ ಓದಿದ್ದಂತೆ ಕಾಣುವುದಿಲ್ಲ. ಅವನೇ ಹೇಳಿಕೊಂಡಿರುವಂತೆ ನೆರಳಿನ ಹುಟ್ಟಿಗೆ ಕಾರಣ ಬಡತನ: ಆ್ಯಪಲ್ 2 ಯಂತ್ರದ ಸ್ಮೃತಿಯಲ್ಲಿ ಹೊಸ ಪಾತ್ರವೊಂದನ್ನು ಬರೆಯಲು ಜಾಗ ಉಳಿದಿರಲಿಲ್ಲ. ಇದ್ದ ರಾಜಕುಮಾರನ ಚಿತ್ರವನ್ನೇ ಒಂದಿಷ್ಟು ಸರಿಸಿ, ತಿರುಗುಮುರುಗು ಮಾಡಿ ಶತ್ರುವನ್ನು ಸೃಷ್ಟಿಸಿದ.

ಈಗ ಕಲ್ಯಾಣದ ಪಕ್ಷ. 1993ರಲ್ಲಿ ಬಂದ ಎರಡನೆಯ ಭಾಗದ ಹೆಸರಿನಲ್ಲಿಯೇ ನೆರಳೂ ಜ್ವಾಲೆಯೂ ಇವೆ. ಮೊದಲನೆಯದು ಸೆರೆಮನೆ, ಅರಮನೆಗಳೊಳಗೇ ಸುತ್ತಿದರೆ ಇದು ಅರಮನೆಯ ಛಾವಣಿ, ಹಡಗು, ದ್ವೀಪ, ಅಸ್ಥಿಪಂಜರಗಳ ಗುಹೆ, ಹಾರುವ ಜಮಖಾನೆ, ಹಾಳು ನಗರ ಎಂದು ಲೋಕವನ್ನೇ ತೆರೆದಿಡುತ್ತದೆ. ಚಿತ್ರಗಳು ಕೈಯಿಂದ ಬಿಡಿಸಿದಂತೆ ಸೊಗಸು. ಒಬ್ಬನ ಬದಲು ಇಬ್ಬರು ಮೂವರು ಶತ್ರುಗಳು ಒಮ್ಮೆಗೇ ಸುತ್ತುವರಿಯುತ್ತಾರೆ. ಹುಮನಾಬಾದಿನವರು ಇದನ್ನೇ ದೋಷವೆಂದರು, ಕಾಳಗ ಹೆಚ್ಚಾಗಿ ಯೋಚನೆ ಕಡಿಮೆಯಾಯಿತೆಂದರು. ಕಲ್ಯಾಣದವರು ಬಿಟ್ಟುಕೊಡಲಿಲ್ಲ. ಅವರ ಬತ್ತಳಿಕೆಯಲ್ಲಿ ಎರಡು ಬಾಣಗಳಿದ್ದವು. ಒಂದು, ಆಟದ ಆರಂಭ. ಗೆದ್ದುಬಂದ ರಾಜಕುಮಾರ ದರ್ಬಾರಿಗೆ ಕಾಲಿಡುತ್ತಿದ್ದಂತೆ ಮಾಯೆಯಿಂದ ಭಿಕ್ಷುಕನಂತೆ ಕಾಣತೊಡಗುತ್ತಾನೆ. ಅವನ ಮುಖವನ್ನು ವಜೀರನು ಧರಿಸಿದ್ದಾನೆ. ಯಾರೂ ಗುರುತಿಸುವುದಿಲ್ಲ, ಕಾವಲುಗಾರರು ಬೆನ್ನಟ್ಟುತ್ತಾರೆ. ತನ್ನ ಮನೆಯ ಬಾಗಿಲಲ್ಲೇ ಅಪರಿಚಿತನಾಗುವ ಸಂಕಟ ಮೊದಲನೆಯ ಆಟದಲ್ಲಿ ಇಲ್ಲ, ಒಪ್ಪಲೇಬೇಕು. ಇನ್ನೊಂದು ಬಾಣ ಇನ್ನೂ ಹರಿತ. ಇಲ್ಲಿಯೂ ಗಡುವಿದೆ, 75 ನಿಮಿಷ. ಆದರೆ ಅರ್ಧ ದಾರಿ ಸಾಗುವವರೆಗೆ ಆಟ ಅದನ್ನು ಬಾಯಿಬಿಡುವುದಿಲ್ಲ. "ನಿಮ್ಮದು ಪರೀಕ್ಷೆಯ ಗಡಿಯಾರ, ನಮ್ಮದು ಆಯುಷ್ಯದ ಗಡಿಯಾರ" ಎಂದು ಅವರು ಹೇಳಿದಾಗ ಹುಮನಾಬಾದಿನ ಬಾಯಿ ಕಟ್ಟಿತು.

ಆದರೂ ನಮ್ಮ ತೀರ್ಪು ಮೊದಲನೆಯದರ ಕಡೆಗೇ. ಎರಡನೆಯದರಲ್ಲಿ ರಾಜಕುಮಾರ ಅತ್ತ ಇತ್ತ ತಿರುಗುತ್ತ ತಿರುಗುತ್ತ, ಪ್ರಾಣ ಕಳೆದುಕೊಳ್ಳುತ್ತ, ತನ್ನ ದೇಹದಿಂದ ನೆರಳನ್ನು ಹೊರತೆಗೆಯುತ್ತಾನೆ. ಆ ನೆರಳು ದೇಗುಲದ ಜ್ವಾಲೆಯನ್ನು ಹೊತ್ತುಕೊಳ್ಳುತ್ತದೆ. ಕೊನೆಯಲ್ಲಿ ಅದೇ ಬೆಂಕಿಯಿಂದ ವಜೀರನು ಬೂದಿಯಾಗುತ್ತಾನೆ. ನೆರಳು ಇಲ್ಲಿ ಒಂದು ಆಯುಧ. ಜಾಗವಿಲ್ಲದಾಗ ಹೊಳೆದದ್ದು ಜಾಗ ಧಾರಾಳವಾದಾಗ ಹೊಳೆಯಲಿಲ್ಲ. ಮುಕ್ತಾಯವೂ ಅರೆಬರೆ: ಎಲ್ಲ ಸುಖಾಂತವಾಯಿತೆನ್ನುವಾಗ ಮುದುಕಿ ಮಾಟಗಾತಿಯೊಬ್ಬಳು ಸ್ಫಟಿಕದ ಗೋಳದಲ್ಲಿ ಇವರನ್ನು ನೋಡುತ್ತಿರುತ್ತಾಳೆ. ಅವಳು ಯಾರೆಂದು ಹೇಳುವ ಮುಂದಿನ ಭಾಗ ಬರಲೇ ಇಲ್ಲ. 1999ರಲ್ಲಿ ಬಂದ ಮೂರನೆಯ ಆಟ ಆ ಕಥೆಯ ಎಳೆಯನ್ನು ಕೈಗೆತ್ತಿಕೊಳ್ಳಲಿಲ್ಲ.

ಇಷ್ಟು ಹೊತ್ತು ವಜೀರ ವಜೀರ ಎಂದೇ ಬರೆದೆವು. ಅವನ ಹೆಸರು ಜಾಫರ್. ಹೆಸರನ್ನು ತಡೆಹಿಡಿಯಲು ಕಾರಣವಿದೆ. ಕಲ್ಯಾಣದ ಪಕ್ಷದ ಅತ್ಯುತ್ತಮ ಆಟಗಾರನಾಗಿದ್ದ ನಮ್ಮ ಗೆಳೆಯನ ಹೆಸರೂ ಅದೇ ಆಗಿತ್ತು. ಎರಡೂ ಊರುಗಳ ಹುಡುಗರು ಬೇರೆಲ್ಲದರಲ್ಲಿ ಭಿನ್ನಮತೀಯರಾದರೂ ಇದೊಂದರಲ್ಲಿ ಒಂದಾಗಿದ್ದರು: ಅವನು ಬಾಗಿಲಲ್ಲಿ ಕಂಡೊಡನೆ "ಬಂದ ನೋಡು ವಜೀರ" ಎನ್ನುತ್ತಿದ್ದರು. ಅವನು ನಗುತ್ತಿದ್ದ. ಕೀಲಿಮಣೆಗೆ ಕೈಯಿಟ್ಟರೆ ಹದಿಮೂರು ಹಂತಗಳನ್ನು ಅವನಷ್ಟು ಸಲೀಸಾಗಿ ದಾಟಿದವರನ್ನು ನಾವು ಕಾಣೆವು. ಹದಿನಾಲ್ಕನೆಯದು, ಜಾಫರನನ್ನು ಸುಡುವ ಕೊನೆಯ ಹಂತ, ಬಂದೊಡನೆ ಮಾತ್ರ ನೀರು ಕುಡಿದು ಬರುತ್ತೇನೆಂದು ಎದ್ದುಹೋಗುತ್ತಿದ್ದ. ಇನ್ಯಾರೋ ಕುಳಿತು ಮುಗಿಸುತ್ತಿದ್ದರು. ಎರಡು ಮೂರು ಸಲವಾದ ಮೇಲೆ ನಮಗೆ ಅದು ಗಮನಕ್ಕೆ ಬಂತು. ಒಮ್ಮೆ ಬಸ್ಸು ನಿಲ್ದಾಣದಲ್ಲಿ ಕೇಳಿದೆವು. "ಬೂದಿಯಾಗುವಾಗ ಎಲ್ಲರೂ ನನ್ನ ಹೆಸರು ಹಿಡಿದು ಕೂಗುತ್ತಾರೆ. ನಮ್ಮ ದಾದಾ ಇಟ್ಟ ಹೆಸರು ಅದು" ಎಂದ. ಬಸ್ಸು ಬಂತು.

ಆ ಹೆಸರು ಆಟಕ್ಕೆ ಬಂದ ದಾರಿಯನ್ನು ನಾವು ಅನಂತರ ಹುಡುಕಿದೆವು. ಹಾರೂನ್ ರಶೀದ್ ಖಲೀಫರ ವಜೀರ ಮನೆತನದ ಜಾಫರ್ ಬರ್ಮಕಿ ಚರಿತ್ರೆಯ ವ್ಯಕ್ತಿ. ಸಾವಿರದೊಂದು ರಾತ್ರಿಗಳ ಕಥೆಗಳಲ್ಲಿ ಅವನು ಖಲೀಫರೊಂದಿಗೆ ರಾತ್ರಿ ಬೀದಿ ಸುತ್ತುವ ಸಂಗಾತಿ. ನಿಜ ಜೀವನದಲ್ಲಿ 803ರಲ್ಲಿ ಅದೇ ಖಲೀಫರ ಆಜ್ಞೆಯಿಂದ ತಲೆ ಕಳೆದುಕೊಂಡವನು. 1940ರ 'ದಿ ಥೀಫ್ ಆಫ್ ಬಗ್ದಾದ್' ಚಲನಚಿತ್ರ ಅವನ ಹೆಸರನ್ನು ದುಷ್ಟ ಮಾಂತ್ರಿಕ ವಜೀರನಿಗೆ ತೊಡಿಸಿತು. ಮೆಕ್ನರ್ ಆ ಚಿತ್ರದಿಂದ ಪ್ರಭಾವಿತನಾದವನು. 1992ರಲ್ಲಿ ಡಿಸ್ನಿಯ 'ಅಲಾದ್ದೀನ್' ಬಂದ ಮೇಲೆ ಲೋಕದ ಮಕ್ಕಳಿಗೆಲ್ಲ ಜಾಫರ್ ಎಂದರೆ ಗಡ್ಡದ ಖಳ. ಕೊಲೆಯಾದವನನ್ನು ಕೊಲೆಗಾರನನ್ನಾಗಿ ಮಾಡಲು ಬೇಕಾದದ್ದು ಒಂದು ಒಳ್ಳೆಯ ಸಿನೆಮಾ, ಅಷ್ಟೆ. ಗೆಳೆಯನ ದಾದಾ ಮನಸ್ಸಿನಲ್ಲಿದ್ದ ಜಾಫರ್ ಬೇರೆಯವರು. ಪ್ರವಾದಿಯವರ(ಸ) ದೊಡ್ಡಪ್ಪನ ಮಗ, ಅಬಿಸೀನಿಯದ ದೊರೆ ನಜಾಶಿಯ ಆಸ್ಥಾನದಲ್ಲಿ ನಿರಾಶ್ರಿತ ಮುಸ್ಲಿಮರ ಪರವಾಗಿ ಎದ್ದು ಮಾತಾಡಿದವರು, ಹಿಜರಿ 8ರಲ್ಲಿ ಮುಅ್ತಾ ಯುದ್ಧದಲ್ಲಿ ಧ್ವಜ ಹಿಡಿದ ಎರಡೂ ಕೈಗಳನ್ನು ಕಳೆದುಕೊಂಡು ಹುತಾತ್ಮರಾದವರು. ಸ್ವರ್ಗದಲ್ಲಿ ರೆಕ್ಕೆ ಪಡೆದವರೆಂದು ಅವರಿಗೆ ತಯ್ಯಾರ್, ಹಾರುವವರು, ಎಂಬ ಬಿರುದು.

ಬೀದರ್ ಜಿಲ್ಲೆಯವರಾದ ನಾವು ಪರ್ಷಿಯಾದ ವಜೀರನನ್ನು ಆಟದಲ್ಲಿ ಹುಡುಕಬೇಕಾಗಿಲ್ಲ ಎಂಬುದು ವಿಚಿತ್ರ. ಮಹಮೂದ್ ಗಾವಾನ್ ಇರಾನಿನ ಗೀಲಾನಿನಿಂದ ಬಂದು ಬಹಮನಿ ಸುಲ್ತಾನರ ವಜೀರನಾದ. 1472ರಲ್ಲಿ ಬೀದರಿನಲ್ಲಿ ಮದ್ರಸ ಕಟ್ಟಿಸಿದ. ಅದರ ಮಿನಾರು ಇಂದಿಗೂ ನಿಂತಿದೆ. ಅವನ ಮೊಹರು ಬಿದ್ದ ಕಾಗದದಲ್ಲಿ ವಿರೋಧಿಗಳು ರಾಜದ್ರೋಹದ ಸುಳ್ಳು ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. ವಿಚಾರಣೆಯಿಲ್ಲದೆ 1481ರಲ್ಲಿ ಆ ವೃದ್ಧನ ಶಿರಚ್ಛೇದವಾಯಿತು. ಇನ್ನು ಕಲ್ಯಾಣದಲ್ಲಿಯೇ, ಬಿಜ್ಜಳ ದೊರೆಯ ಭಂಡಾರಿಯಾಗಿದ್ದ ಬಸವಣ್ಣನವರ ಕಥೆಯನ್ನು ನಾವು ಬಿ.ಎ. ತರಗತಿಯಲ್ಲಿ ಓದುತ್ತಿದ್ದೆವು. ಒಬ್ಬ ಮಂತ್ರಿ ಮದ್ರಸ ಕಟ್ಟಿದ, ಇನ್ನೊಬ್ಬರು ಅನುಭಾವಿಗಳನ್ನು ಕೂಡಿಸಿದರು. ಇಂಥ ನೆಲದಲ್ಲಿ ಕುಳಿತು ದುಷ್ಟ ವಜೀರನನ್ನು ಸುಡುವ ಆಟವಾಡುತ್ತಿದ್ದೆವು. ರಾಜಕುಮಾರನ ಊರು ಪರ್ಷಿಯಾ ಎಂದರೂ ಅದು ಯಾರೋ ದೂರದಿಂದ ಕಂಡ ಪರ್ಷಿಯಾ. ಎರಡೂ ಭಾಗಗಳಿಗೆ ಸಮಾನವಾದ ಈ ಕೊರತೆಯನ್ನು ನಮ್ಮ ವಾದದಲ್ಲಿ ಯಾವ ಪಕ್ಷವೂ ಎತ್ತಿದ್ದು ನೆನಪಿಲ್ಲ.

ಮೊದಲ ಆಟದ ಮೂಲ ಲಿಪಿಯ ಫ್ಲಾಪಿಗಳು ಕಳೆದುಹೋಗಿವೆಯೆಂದೇ ಮೆಕ್ನರ್ ಭಾವಿಸಿದ್ದ. ಅವನ ತಂದೆಯ ಮನೆಯ ಕಪಾಟಿನಲ್ಲಿ ಅವು ಸಿಕ್ಕಿದವು. 2012ರಲ್ಲಿ ಅವನು ಅದನ್ನು ಎಲ್ಲರಿಗೂ ಮುಕ್ತವಾಗಿಸಿದ. ಈಗ ಮೊಬೈಲಿನಲ್ಲಿಯೂ ಹಳೆಯ ಆಟ ಓಡುತ್ತದೆ. ಕಳೆದ ವರ್ಷ ನಮ್ಮಲ್ಲಿ ಓದುವ ಬಾಲಕನೊಬ್ಬ ಪಾಠ ಮುಗಿದ ಮೇಲೆ ಹಿಂದೆ ಉಳಿದು, ತನ್ನಂತೆಯೇ ಇರುವವನನ್ನು ಸೋಲಿಸುವುದು ಹೇಗೆ ಉಸ್ತಾದ್ ಎಂದು ಕೇಳಿದ. ಯಾವ ಹಂತವೆಂದು ನಾವು ಕೇಳಿದಾಗ ಅವನ ಮುಖದಲ್ಲಿ ಮೂಡಿದ ಅಚ್ಚರಿಯನ್ನು ನೋಡಬೇಕಿತ್ತು. ಖಡ್ಗ ಒರೆಗೆ ಹಾಕು ಎಂದಷ್ಟೇ ಹೇಳಿದೆವು.

ಗೆಳೆಯ ಈಗಲೂ ಬಸವಕಲ್ಯಾಣದಲ್ಲಿದ್ದಾನೆ, ಕಂಪ್ಯೂಟರ್ ದುರಸ್ತಿಯೇ ಅವನ ಕಸುಬು. ಎರಡನೆಯದೇ ಮೇಲು ಎಂಬ ಅಭಿಪ್ರಾಯದಿಂದ ಒಂದಂಗುಲವೂ ಕದಲಿಲ್ಲ. ಹಿಂದಿನ ಸಲ ಹೊಸ ಕಾರಣವೊಂದನ್ನು ಕೊಟ್ಟ: ಮೊದಲನೆಯ ಆಟದಲ್ಲಿ ಜಾಫರ್ ಕೊನೆಯವರೆಗೂ ಖಳನಾಗಿ ಕಾಯುತ್ತಾನೆ, ಎರಡನೆಯದರಲ್ಲಿ ಸ್ವಲ್ಪ ಹೊತ್ತಾದರೂ ರಾಜಕುಮಾರನ ಮುಖ ಹೊತ್ತು ತಖ್ತಿನ ಮೇಲೆ ಕೂರುತ್ತಾನೆ. ಅವನ ಅಂಗಡಿಯ ಒಂದು ಯಂತ್ರದಲ್ಲಿ ಆ ಆಟ ಇಂದಿಗೂ ಇದೆ. ಹದಿಮೂರು ಹಂತ ತಾನೇ ಆಡುತ್ತಾನೆ, ಹದಿನಾಲ್ಕನೆಯದಕ್ಕೆ ಮಗನನ್ನು ಕೂರಿಸುತ್ತಾನೆ. ಮಗನ ಹೆಸರು ಬೇರೆಯಾದ್ದರಿಂದ ಅವನಿಗೆ ಸಂಕೋಚವಿಲ್ಲ.